ಸಾರ್ಡೀನಿಯಾದಲ್ಲಿ ನನ್ನ ಪಾಲಿನ ಚುಕ್ಕಾಣಿ

ನನಗೆ ಆ ಮಾತನ್ನು ಕೊಟ್ಟದ್ದು ಮಾರ್ಚ್ ತಿಂಗಳ ಒಂದು ಭಾನುವಾರ, ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್ನಿನ ನಮ್ಮ ಮನೆಯಲ್ಲಿ, ಎರಡನೆಯ ಸಲ ಹುಳಿ ಬಡಿಸಿಕೊಳ್ಳುತ್ತಿದ್ದಾಗ. ಕೊಟ್ಟವರು ಹೃದಯದ ಡಾಕ್ಟರು. ಧಾರವಾಡದವರು, ನನಗಿಂತ ಎಂಟು ವರ್ಷ ಚಿಕ್ಕವರು, ಹದಿನೈದು ವರ್ಷಗಳಿಂದ ನಮ್ಮ ಮನೆಗೆ ಬಂದು ಹೋಗುವವರು.

"ಅಕ್ಕಾರ, ಬೊನಿಫಾಸಿಯೊ ಸ್ಟ್ರೇಟ್ ದಾಟೂ ಮುಂದ ದೋಣಿ ಚಕ್ರ ನಿಮ್ಮ ಕೈಯಾಗ. ನಾ ಕೈ ಕಟಗೊಂಡು ಕೂಡತೀನಿ. ಆತಲ್ಲ?"

"ಪೂರ್ತಿಯಾ?" ಎಂದು ಕೇಳಿದೆ.

"ಪೂರ್ತಿ. ಈ ದಂಡಿಯಿಂದ ಆ ದಂಡಿ ತನಕ."

ನನ್ನ ಯಜಮಾನರು, "ಬರೆಸಿಕೊಂಡುಬಿಡೇ" ಎಂದು ನಕ್ಕರು. ನಾನು ಬರೆಸಿಕೊಳ್ಳಲಿಲ್ಲ. ಮೂವತ್ತೊಂದು ವರ್ಷ ಔಷಧ ಕಂಪನಿಯ ಪ್ರಯೋಗಾಲಯದಲ್ಲಿ, ಎರಡು ಸಹಿಗಳಿಲ್ಲದ ಯಾವ ಹಾಳೆಯನ್ನೂ ಮುಂದಕ್ಕೆ ಕಳುಹಿಸದೆ ಕೆಲಸ ಮಾಡಿದವಳು, ಅಂದು ಮಾತನ್ನು ಮಾತೆಂದೇ ನಂಬಿದೆ.

ಆ ಮಾತಿಗೆ ಒಂದು ಕಾರಣವಿತ್ತು. ಮೆಡಿಟರೇನಿಯನ್ ಸಮುದ್ರದ ದೊಡ್ಡ ದ್ವೀಪ ಸಾರ್ಡೀನಿಯಾದಲ್ಲಿ ಎಂಟು ದಿನದ ಮಟ್ಟಿಗೆ ಹಾಯಿದೋಣಿಯೊಂದನ್ನು ಬಾಡಿಗೆಗೆ ಪಡೆದು, ಅದರ ಈಶಾನ್ಯ ಕರಾವಳಿಯನ್ನು ಸುತ್ತಿ, ಅದಕ್ಕೂ ಉತ್ತರದ ಕಾರ್ಸಿಕಾ ದ್ವೀಪಕ್ಕೂ ನಡುವಿನ ಬೊನಿಫಾಸಿಯೊ ಜಲಸಂಧಿಯನ್ನು ಒಮ್ಮೆ ದಾಟಿ ಬರಬೇಕೆಂಬುದು ಡಾಕ್ಟರ ಯೋಜನೆ. ಆದರೆ ದೋಣಿಯನ್ನು ನಾವೇ ನಡೆಸುವುದಾದರೆ ಸರ್ಟಿಫಿಕೇಟು ಉಳ್ಳವರು ಇಬ್ಬರು ಇರಲೇಬೇಕೆಂದು ಬಾಡಿಗೆಯವರು ಷರತ್ತು ಹಾಕಿದ್ದರು. ಡಾಕ್ಟರ ಬಳಿ ಒಂದಿತ್ತು. ನಮ್ಮ ಪರಿಚಯದ ಕನ್ನಡಿಗರಲ್ಲಿ ಇನ್ನೊಂದು ಇದ್ದದ್ದು ನನ್ನ ಬಳಿ ಮಾತ್ರ.

ನಾನು ದೋಣಿ ನಡೆಸುವುದನ್ನು ಕಲಿತದ್ದು ನಿವೃತ್ತಳಾದ ಮೇಲೆ, ಅರವತ್ತಮೂರನೆಯ ವಯಸ್ಸಿನಲ್ಲಿ, ರಾರಿಟನ್ ಕೊಲ್ಲಿಯ ಒಂದು ಶಾಲೆಯಲ್ಲಿ. ಮೈಸೂರಿನಲ್ಲಿ ಬೆಳೆದ ನನಗೆ ನೀರೆಂದರೆ ಕುಕ್ಕರಹಳ್ಳಿ ಕೆರೆ, ಅದನ್ನೂ ಏರಿಯ ಮೇಲೆ ನಿಂತು ನೋಡಿದ್ದಷ್ಟೇ. ಈ ವಯಸ್ಸಿನಲ್ಲಿ ಇದೇಕೆ ಎಂದು ಕೇಳಿದವರಿಗೆಲ್ಲ ನಾನು ಕೊಡುತ್ತಿದ್ದ ಉತ್ತರ ಒಂದೇ: ನನ್ನ ಪ್ರಯೋಗಾಲಯಕ್ಕೆ ಕಿಟಕಿ ಇರಲಿಲ್ಲ. ಡಾಕ್ಟರೂ ಅದೇ ತಂಡದಲ್ಲಿ ಕಲಿತರು. ಎರಡು ಪಾಠಗಳಿಗೆ ಅವರು ಬರಲಿಲ್ಲ. ಬೋಲೈನ್ ಎಂಬ ಗಂಟು ಅವರಿಗೆ ಕೂಡಿಬಂದದ್ದು ಮೂರನೆಯ ಪ್ರಯತ್ನಕ್ಕೆ. ಲಿಖಿತ ಪರೀಕ್ಷೆಯಲ್ಲಿ ನನಗೆ ಅವರಿಗಿಂತ ಹನ್ನೊಂದು ಅಂಕ ಹೆಚ್ಚು ಬಂದಿತ್ತು. ಇವನ್ನೆಲ್ಲ ನೆನಪಿಟ್ಟುಕೊಳ್ಳಬೇಕೇ ಎಂದು ಯಜಮಾನರು ಕೇಳುವುದುಂಟು. ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಉಳಿದವರ ಮರೆವೇ ಚರಿತ್ರೆಯಾಗುತ್ತದೆ.

ಸ್ಟ್ಯಾಟನ್ ಐಲ್ಯಾಂಡಿನ ಫೆರ್ರಿಯಲ್ಲೇ ಹೊಟ್ಟೆ ತೊಳಸುವ ಯಜಮಾನರು ಬರುವ ಪ್ರಶ್ನೆಯೇ ಇರಲಿಲ್ಲ. ಹೊರಟವರು ಐದು ಮಂದಿ: ಡಾಕ್ಟರು, ಅವರ ಪತ್ನಿ, ನಾನು, ಮತ್ತು ರಾಬಿನ್ಸ್‌ವಿಲ್‌ನಿಂದ ಬಂದ ಒಂದು ದಂಪತಿ. ಈ ದಂಪತಿ ಬೆಂಗಳೂರಿನವರು, ಇಬ್ಬರೂ ಕಂಪ್ಯೂಟರ್ ಕೆಲಸದವರು, ನಲವತ್ತೈದರ ಆಸುಪಾಸು. ಅವನಿಗೆ ಪ್ರತಿಯೊಂದಕ್ಕೂ ಪಟ್ಟಿ ಮಾಡುವ ಹವ್ಯಾಸ, ಅವಳಿಗೆ ಪ್ರತಿಯೊಂದರ ವಿಡಿಯೋ ತೆಗೆಯುವ ಹವ್ಯಾಸ. ಅವನ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಒಂದು ಹೊಣೆಯಿತ್ತು: ಹಾಯಿ, ಲಂಗರು, ಹಗ್ಗ, ಅಡಿಗೆ. ನನ್ನ ಹೆಸರಿನ ಮುಂದೆ 'ವಿಶ್ರಾಂತಿ' ಎಂದು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಒಂದು ನಗುಮುಖ ಹಾಕಿದ್ದ. ವಿಮಾನ ಹತ್ತುವ ಮೊದಲೇ ಅದನ್ನು ತಿದ್ದುವಂತೆ ಬರೆದೆ. 'ವಿಶ್ರಾಂತಿ ಮತ್ತು ಮಾರ್ಗದರ್ಶನ' ಎಂದು ತಿದ್ದಿದ.

ಬಂದರಿನಲ್ಲಿ ದೋಣಿಯನ್ನು ನಮಗೆ ಒಪ್ಪಿಸಿದ ಇಟಲಿಯವನು ಒಂದು ಗಂಟೆ ಕಾಲ ಎಲ್ಲವನ್ನೂ ವಿವರಿಸಿದ. ನಾನು ಏಳು ಪ್ರಶ್ನೆ ಕೇಳಿದೆ. ಏಳಕ್ಕೂ ಅವನು ಡಾಕ್ಟರ ಮುಖ ನೋಡಿ ಉತ್ತರ ಕೊಟ್ಟ. ಒಂದೇ ಒಂದು ಸಂಗತಿಯನ್ನು ಅವನು ಎರಡು ಸಲ, ಬೆರಳೆತ್ತಿ ಹೇಳಿದ: ಕುಡಿಯುವ ನೀರಿನ ಬಾಟಲಿಗಳು ಬೇರೆ, ತೊಳೆಯುವುದಕ್ಕೆ ಮೀಯುವುದಕ್ಕೆ ಇರುವ ಟ್ಯಾಂಕು ಇದೊಂದೇ, ಹಿಡಿತದಿಂದ ಬಳಸಿದರೆ ನಾಲ್ಕು ದಿನ ಬರುತ್ತದೆ. ಎಲ್ಲರೂ ತಲೆಯಾಡಿಸಿದರು. ಹಾಗೆ ಒಟ್ಟಾಗಿ ತಲೆಯಾಡಿಸುವುದೆಂದರೆ ಯಾರೂ ಕೇಳಿಸಿಕೊಂಡಿಲ್ಲ ಎಂದೇ ಅರ್ಥ. ಅಷ್ಟು ವರ್ಷ ಕಂಪನಿಯ ಸಭೆಗಳಲ್ಲಿ ಕುಳಿತ ನನಗೆ ಇದು ಗೊತ್ತು.

ಹೊರಡುವ ಮುನ್ನ ಡಾಕ್ಟರ ಪತ್ನಿ ಚೀಲದಿಂದ ಅರಿಸಿನ, ಕುಂಕುಮ, ಒಂದು ಪುಟ್ಟ ಆರತಿ ತಟ್ಟೆ ತೆಗೆದರು. ಹೊಸ ಕಾರಿಗೆ ಮಾಡುವಂತೆ ದೋಣಿಗೂ ಪೂಜೆಯಾಗಬೇಕು.

"ಅಕ್ಕಾರ, ನೀವ ದೊಡ್ಡ ಮುತ್ತೈದಿ. ನೀವ ಕುಂಕುಮ ಹಚ್ಚರಿ."

ಚುಕ್ಕಾಣಿಯ ಚಕ್ರದ ನೆತ್ತಿಗೆ ನಾನೇ ಕುಂಕುಮ ಹಚ್ಚಿದೆ, ಆರತಿ ಎತ್ತಿದೆ. ರಾಬಿನ್ಸ್‌ವಿಲ್ಲಿನವಳು ವಿಡಿಯೋ ತೆಗೆದಳು. ಚಕ್ರಕ್ಕೆ ಹೊಲಿದಿದ್ದ ಬೆಳ್ಳಗಿನ ಚರ್ಮಕ್ಕೆ ಕೆಂಪು ಹತ್ತಿದ್ದನ್ನು ಕಂಡು ಇಟಲಿಯವನು ಮುಖ ಗಂಟಿಕ್ಕಿದ. ಮೊದಲ ಮೂರು ದಿನಗಳಲ್ಲಿ ನನ್ನ ಕೈ ಆ ಚಕ್ರವನ್ನು ಮುಟ್ಟಿದ್ದು ಆ ಒಂದೇ ಸಲ.

ನಮ್ಮವರು ಹಿರಿಯರಿಗೆ ಮಾಡುವ ಅವಮಾನಕ್ಕೆ ಗೌರವ ಎಂಬ ಹೆಸರಿದೆ. ಹಾಯಿ ಏರಿಸುವ ಹಗ್ಗಕ್ಕೆ ಕೈ ಚಾಚಿದರೆ, "ಆಂಟಿ, ಆಂಟಿ, ನೀವು ಬಿಡಿ, ನಾವಿದೀವಲ್ಲ!" ಲಂಗರಿನ ಬಳಿ ಹೋದರೆ, "ಅಕ್ಕಾರ, ನೀವು ಕೂಡ್ರಿ. ನಿಮ್ಮ ಕೈಲೆ ಕೆಲಸಾ ಮಾಡಿಸಿದ್ರ ನಮಗ ಪಾಪ ಹತ್ತತದ." ನಿಂತರೆ ದಿಂಬು ತಂದರು. ಕುಳಿತರೆ ಟೋಪಿ ತಂದರು. ಎರಡನೆಯ ದಿನದ ಹೊತ್ತಿಗೆ ನನ್ನ ಸುತ್ತ ನಾಲ್ಕು ದಿಂಬುಗಳಿದ್ದವು. ಆ ದಿಂಬುಗಳ ನಡುವೆ ಕುಳಿತು, ಡಾಕ್ಟರು ಗಾಳಿಯ ಕೋನವನ್ನು ಹೇಗೆ ತಪ್ಪಾಗಿ ಹಿಡಿಯುತ್ತಿದ್ದಾರೆ, ಮುಂದಿನ ಹಾಯಿ ಎಷ್ಟು ಹೊತ್ತಿನಿಂದ ಪಟಪಟ ಬಡಿಯುತ್ತಿದೆ ಎಂಬುದನ್ನು ಗಡಿಯಾರ ನೋಡಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಒಮ್ಮೆ ಹೇಳಿಯೂ ಹೇಳಿದೆ.

"ಡಾಕ್ಟ್ರೇ, ಹಾಯಿ ಸ್ವಲ್ಪ ಎಳೆದುಕೊಳ್ಳಬೇಕು. ಅಥವಾ ದೋಣಿಯನ್ನಾದರೂ ಗಾಳಿಯಿಂದ ಆಚೆಗೆ ತಿರುಗಿಸಬೇಕು."

"ಹೌದ್ರಿ ಅಕ್ಕಾರ, ನೋಡೂಣ್ರಿ" ಎಂದರು. ನೋಡಲಿಲ್ಲ. ಹಾಯಿ ಇನ್ನೂ ಆರು ನಿಮಿಷ ಬಡಿಯಿತು. ಆಮೇಲೆ ರಾಬಿನ್ಸ್‌ವಿಲ್ಲಿನವನು, "ಸರ್, ಹಾಯಿ ಟೈಟ್ ಮಾಡೋಣ್ವಾ?" ಎಂದಾಗ, "ಭೇಷ್! ಕಲ್ತ್ಯಲ್ಲೋ" ಎಂದು ಅವನ ಬೆನ್ನು ತಟ್ಟಿದರು.

ಇರಲಿ ಎಂದುಕೊಂಡೆ. ಮೂರನೆಯ ದಿನ ಜಲಸಂಧಿ ದಾಟುವುದಿದೆ. ಅಲ್ಲಿಯವರೆಗೆ ದಿಂಬುಗಳನ್ನು ಸಹಿಸಬಹುದು. ನಕ್ಷೆಯಲ್ಲಿ ನಾನು ಆಗಲೇ ದಾರಿಯನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿದ್ದೆ. ಸಾರ್ಡೀನಿಯಾದ ತುದಿಯ ಪುಟ್ಟ ದ್ವೀಪಗಳಿಂದ ಉತ್ತರಕ್ಕೆ ಹೊರಟು, ಕಾರ್ಸಿಕಾದ ಅಂಚಿನ ಬಂಡೆದ್ವೀಪಗಳ ಬಳಿ ಲಂಗರು ಹಾಕಿ, ಮಧ್ಯಾಹ್ನದ ಊಟ ಮುಗಿಸಿ ಹಿಂತಿರುಗುವುದು. ಹವಾಮಾನದ ಮುನ್ಸೂಚನೆಯೂ ಅನುಕೂಲವಾಗಿತ್ತು: ಮೂರನೆಯ ದಿನ ಬೆಳಿಗ್ಗೆ ಹದವಾದ ಗಾಳಿ, ಆ ರಾತ್ರಿಯಿಂದ ಮಾಯೆಸ್ತ್ರಾಲೆ. ವಾಯವ್ಯದಿಂದ ಬೀಸುವ ಆ ಗಾಳಿ ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ, ಜಲಸಂಧಿಯಲ್ಲಿ ಅದರ ಬಲ ಇಮ್ಮಡಿಸುತ್ತದೆ ಎಂದು ಪುಸ್ತಕಗಳೆಲ್ಲ ಹೇಳಿದ್ದವು. ಅಂದರೆ ನಮಗಿದ್ದದ್ದು ಒಂದೇ ಬೆಳಗು.

ಆ ಬೆಳಗನ್ನು ಕಳೆದದ್ದು ಸಮುದ್ರವಲ್ಲ, ಸ್ನಾನ.

ಡಾಕ್ಟರ ಪತ್ನಿ ಮಿಂದು ಮಡಿಯಾಗದೆ ಒಲೆ ಹಚ್ಚುವವರಲ್ಲ. ಅದು ಅವರ ಮನೆಯಲ್ಲಿ ನಡೆದುಬಂದ ಪದ್ಧತಿ. ನ್ಯೂಜೆರ್ಸಿಯ ಹಿಮದಲ್ಲೂ ತಪ್ಪಿಸಿದವರಲ್ಲ. ಅದಕ್ಕಾಗಿ ನನಗೆ ಅವರ ಮೇಲೆ ಗೌರವವೂ ಇದೆ. ಆದರೆ ಮನೆಯ ಯಜಮಾನಿ ಮಿಂದ ಮೇಲೆ ಉಳಿದವರು ಮೀಯದೆ ತಿಂಡಿಗೆ ಕೂರುವುದು ಹೇಗೆ? ಡಾಕ್ಟರು ಮಿಂದರು. ರಾಬಿನ್ಸ್‌ವಿಲ್ಲಿನವರು ಸಮುದ್ರದಲ್ಲಿ ಈಜುವ ಮೊದಲು ಒಮ್ಮೆ ಮಿಂದರು, ಈಜಿದ ಮೇಲೆ ಉಪ್ಪು ಹೋಗಲೆಂದು ಮತ್ತೊಮ್ಮೆ ತಲೆಗೆ ಸೋಪು ಹಾಕಿಕೊಂಡು ಮಿಂದರು. ಅಕ್ಕಿಯನ್ನು ಮೂರು ಸಲ ತೊಳೆದದ್ದಾಯಿತು, ಬೇಳೆಯನ್ನು ಎರಡು ಸಲ. ಕುಕ್ಕರಿನ ತಳಕ್ಕೆ ಅಂಟಿದ ಅನ್ನ ನೆನೆಯಲೆಂದು ತುಂಬ ನೀರು, ಎಂಜಲು ತಟ್ಟೆಗಳಿಗೆ ನಲ್ಲಿ ಬಿಟ್ಟ ನೀರು, ಊಟದ ಮೇಜನ್ನು ಸಾರಿಸಿ ಒರೆಸಲು ನೀರು. ನಾನೂ ಮಿಂದೆ. ಎರಡು ಚೊಂಬಿನಲ್ಲಿ, ಅಳೆದು. ಎರಡು ಸಲ ಎಚ್ಚರಿಸಿದೆ.

"ಟ್ಯಾಂಕಿನ ಮುಳ್ಳು ಅರ್ಧಕ್ಕೆ ಬಂದಿದೆ. ಇನ್ನೂ ಒಂದೇ ದಿನವಾಗಿರುವುದು."

"ಸುತ್ತಮುತ್ತ ನೀರೇ ಇದೆಯಲ್ಲಾ ಆಂಟಿ!" ಎಂದ ರಾಬಿನ್ಸ್‌ವಿಲ್ಲಿನವನು. ಎಲ್ಲರೂ ನಕ್ಕರು. ಅವನು ತಮಾಷೆಗೆ ಹೇಳಿದ್ದೆಂದು ನನಗೂ ಗೊತ್ತಿತ್ತು. ನಕ್ಕು ಮುಗಿಸಿ ಎಲ್ಲರೂ ಮತ್ತೆ ನಲ್ಲಿ ತಿರುಗಿಸಿದರು ಎಂಬುದೂ ಗೊತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ, ನಾನು ಬೂಟು ಕಟ್ಟಿ, ಕೈಗವಸು ತೊಟ್ಟು, ನಕ್ಷೆ ಹಿಡಿದು ಮೇಲೆ ಬಂದು ನಿಂತ ಹೊತ್ತಿಗೆ, ಕೆಳಗಿನಿಂದ ಪಂಪು ಗೊರಗೊರ ಎಂದು ಗಾಳಿಯನ್ನು ಹೀರುವ ಸದ್ದು ಕೇಳಿತು. ಆಮೇಲೆ ಡಾಕ್ಟರ ಪತ್ನಿಯ ದನಿ.

"ಏನ್ರೀ, ನೀರು ಬರವಲ್ದು. ನನ್ನ ಮಾರಿಗೆಲ್ಲ ಸೋಪು ಹಂಗ ಅದ!"

ಕುಡಿಯುವ ನೀರಿನ ಎರಡು ಬಾಟಲಿ ಅವರ ಮುಖಕ್ಕೆ ಹೋಯಿತು. ಬಳಿಕ ಮೇಲೆ ಸಭೆ ನಡೆಯಿತು. ಪಲಾವು ಎಂಬ ಊರಿನ ಬಂದರಿಗೆ ಹಿಂತಿರುಗಿ ಟ್ಯಾಂಕು ತುಂಬಿಸಬೇಕೆಂದು ಡಾಕ್ಟರು ಹೇಳಿದರು.

"ನೀರು ಆಚೆ ದಡದಲ್ಲೂ ಸಿಗುತ್ತದೆ" ಎಂದೆ. "ಬೊನಿಫಾಸಿಯೊ ಊರಿನ ಬಂದರು ಇದೆ. ಮೂರು ಗಂಟೆಯ ದಾರಿ. ಗಾಳಿ ಇವತ್ತು ಮಾತ್ರ ಹೀಗಿರುತ್ತದೆ. ಹಿಂದಕ್ಕೆ ಹೋದರೆ ದಾಟುವುದು ಮುಗಿಯಿತು ಎಂದೇ ಲೆಕ್ಕ."

"ಅಲ್ಲಿ ಜಾಗಾ ಸಿಗಲಿಲ್ಲಂದ್ರ ಏನ್ಮಾಡೋದ್ರಿ ಅಕ್ಕಾರ? ಸೀಸನ್ ಅದ."

ಆ ಮಾತು ಸರಿಯಾಗಿಯೇ ಇತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ. ಆದರೆ ಅದನ್ನು ಹೇಳುವಾಗ ಅವರು ನೋಡುತ್ತಿದ್ದದ್ದು ನಕ್ಷೆಯನ್ನಲ್ಲ, ಒದ್ದೆ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ ತಮ್ಮ ಪತ್ನಿಯನ್ನು ಎಂಬುದನ್ನೂ ದಾಖಲಿಸಬೇಕು.

"ಬಂದರಿಗೆ ಫೋನು ಮಾಡಿ ಕೇಳೋಣ."

"ಸ್ನಾನಿಲ್ಲದ ಅಷ್ಟೊತ್ತು ಹೆಂಗ ಇರೂದ್ರಿ ಅಕ್ಕಾರ?" ಎಂದರು ಪತ್ನಿ. "ಇಲ್ಲೆ ಸನೇಕ ಹೋಗೂಣು. ಸ್ಟ್ರೇಟ್ ಎಲ್ಲಿ ಓಡಿ ಹೋಗತದ? ನಾಳಿಗೆ ದಾಟೂಣಂತ."

ಜಲಸಂಧಿ ಓಡಿಹೋಗಲಿಲ್ಲ. ಓಡಿಹೋದದ್ದು ಬೆಳಗು. ಪಲಾವಿನಲ್ಲಿ ನೀರಿನ ಕೊಳಾಯಿಯ ಬಳಿ ನಮಗಿಂತ ಮುಂದೆ ಮೂರು ದೋಣಿಗಳಿದ್ದವು. ನಮ್ಮ ಸರದಿ ಬರುವಷ್ಟರಲ್ಲಿ ಕೀಲಿ ಇದ್ದವನು ಊಟಕ್ಕೆ ಹೋಗಿದ್ದ. ಆ ಊರಿನಲ್ಲಿ ಊಟವೆಂದರೆ ಊಟದ ನಂತರದ ನಿದ್ರೆಯೂ ಸೇರಿತ್ತು. ಟ್ಯಾಂಕು ತುಂಬುವ ಹೊತ್ತಿಗೆ ನಾಲ್ಕೂವರೆ. ಬಂದರಿನ ಬಾವುಟಗಳು ಆಗಲೇ ವಾಯವ್ಯದ ಗಾಳಿಗೆ ಚಟಚಟಿಸತೊಡಗಿದ್ದವು. ಎಲ್ಲರೂ ತೃಪ್ತಿಯಾಗಿ ಮಿಂದರು.

ಮಾಯೆಸ್ತ್ರಾಲೆ ಮೂರು ದಿನ ಬೀಸಿತು. ಕಂಬಗಳ ತುದಿಯಲ್ಲಿ ಶಿಳ್ಳೆ, ಹಲಗೆಗಳ ಕಿರುಗುಟ್ಟುವಿಕೆ, ಬಂದರಿನ ಒಳಗೂ ನೊರೆ. ನಮ್ಮನ್ನು ಯಾರೂ ಹೊರಕ್ಕೆ ಬಿಡುವಂತಿರಲಿಲ್ಲ, ಹೋಗುವಂತೆಯೂ ಇರಲಿಲ್ಲ. ವ್ಯಾನೊಂದನ್ನು ಬಾಡಿಗೆಗೆ ಹಿಡಿದು ದ್ವೀಪದ ಒಳಭಾಗವನ್ನು ನೋಡುವುದೆಂದು ತೀರ್ಮಾನವಾಯಿತು.

ಆ ದ್ವೀಪ ಒಳಗೇ ಹೆಚ್ಚು ಚೆನ್ನಾಗಿದೆ, ನೋಡಲು ಬಿಟ್ಟಿದ್ದರೆ. ಗಾಳಿ ಸಾವಿರಾರು ವರ್ಷ ತೀಡಿ ಟೊಳ್ಳು ಮಾಡಿದ ಗ್ರಾನೈಟ್ ಬಂಡೆಗಳು. ಬಾಟಲಿಗಳ ಬೆಂಡಿಗಾಗಿ ತೊಗಟೆ ಸುಲಿದ ಓಕ್ ಮರಗಳು. ಸೊಂಟದವರೆಗೆ ಇಟ್ಟಿಗೆಯ ಕೆಂಪು, ಮೇಲೆ ಬೂದುಬಣ್ಣ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ, ನುರಾಗೆ ಎಂದು ಕರೆಯುವ ಪುರಾತನ ಗೋಪುರಗಳು. ಅಂಥದೊಂದರ ಒಳಗೆ ಹೋಗಿ, ಕಲ್ಲುಗಳು ಸುತ್ತು ಸುತ್ತಾಗಿ ಕಿರಿದಾಗುತ್ತಾ ಮೇಲೆ ಹೇಗೆ ಕೂಡಿಕೊಳ್ಳುತ್ತವೆಂದು ಎಣಿಸುತ್ತಾ ನಿಂತಿದ್ದೆ. ಹದಿನೇಳನೆಯ ಸುತ್ತಿಗೆ ಬಂದಿದ್ದೆ. ಹೊರಗಿನಿಂದ, "ಆಂಟೀ, ಹೊರಡೋಣ್ವಾ? ಎರಡು ಗಂಟೆಗೆಲ್ಲ ಲಂಚ್ ಕ್ಲೋಸ್ ಆಗುತ್ತಂತೆ. ವೆಜ್ ಹುಡುಕಬೇಕು" ಎಂದು ಕೂಗು ಬಂತು. ಎಣಿಕೆ ತಪ್ಪಿತು. ಆ ಗೋಪುರದ ಒಟ್ಟು ಸುತ್ತುಗಳು ಎಷ್ಟೆಂಬುದು ನನಗೆ ಇಂದಿಗೂ ತಿಳಿಯದು.

ಒಂದು ಹಳ್ಳಿಯ ಅಂಗಡಿಯಲ್ಲಿ ಕಾಗದದಷ್ಟು ತೆಳ್ಳಗಿನ, ಮುರಿದರೆ ಸದ್ದಾಗುವ ರೊಟ್ಟಿಯನ್ನು ಅಟ್ಟಿ ಅಟ್ಟಿಯಾಗಿ ಇಟ್ಟಿದ್ದರು. ಡಾಕ್ಟರ ಪತ್ನಿ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟರು.

"ಅಯ್ಯ, ಇದು ನಮ್ಮ ಖಡಕ್ ರೊಟ್ಟಿನ ನೋಡ್ರಿ! ಜ್ವಾಳದ್ದಲ್ಲ, ಗೋದಿದು. ಶೇಂಗಾ ಚಟ್ನಿ ತಂದೀನಿ, ಇನ್ನೇನು ಬೇಕು?"

ಅವರ ಮುಖದಲ್ಲಿ ಅಷ್ಟು ದಿನಗಳಲ್ಲೇ ಕಾಣದ ಹಿಗ್ಗು. ಅವರ ಮೇಲಿನ ಸಿಟ್ಟನ್ನು ಹಿಡಿದುಕೊಂಡಿರುವುದು ಆ ಕ್ಷಣಕ್ಕೆ ಕಷ್ಟವಾಯಿತು. ಅಷ್ಟರಲ್ಲಿ ಅಂಗಡಿಯ ಮುದುಕಿ, ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಒಳಗಿನಿಂದ ಒಂದು ಕುರ್ಚಿಯನ್ನು ಎತ್ತಿ ತಂದು ನನ್ನ ಹಿಂದೆ ಇಟ್ಟಳು. ಕೈಸನ್ನೆ ಮಾಡಿ ಕೂರು ಎಂದಳು. ಎಲ್ಲರೂ ಎಷ್ಟು ಒಳ್ಳೆಯವಳು ಎಂದು ಕೊಂಡಾಡಿದರು. ನಾನು ನಿಂತೇ ಇದ್ದೆ.

ಆ ಸಂಜೆ ಬಂದರಿನ ಹೋಟೆಲಿನಲ್ಲಿ ನಾನು ಡಾಕ್ಟರನ್ನು ನೇರವಾಗಿ ಕೇಳಿದೆ.

"ಜಲಸಂಧಿ ಹೋಯಿತು. ನನಗೆ ಕೊಟ್ಟ ಮಾತು ಏನಾಯಿತು?"

ಅವರಿಗೆ ಕ್ಷಣಕಾಲ ಯಾವ ಮಾತು ಎಂಬುದೇ ಹೊಳೆಯಲಿಲ್ಲ. ಅದನ್ನು ನಾನು ನೋಡಿದೆ. ಆಮೇಲೆ ನೆನಪಾಗಿ, "ಓಹ್! ಅದಾ? ಅಕ್ಕಾರ, ಶುಕ್ರವಾರ ಗಾಳಿ ಇಳೀತದ. ವಾಪಸ್ ಹೋಗೂ ಮುಂದ ಚಕ್ರ ನಿಮ್ಮದ. ದೇವರಾಣೆ" ಎಂದರು.

ಶುಕ್ರವಾರ ಗಾಳಿ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. ವಾಯವ್ಯದಿಂದ, ನಮ್ಮ ಬೆನ್ನ ಓರೆಗೆ, ಹದಿನಾಲ್ಕು ಹದಿನೈದು ನಾಟ್ ವೇಗದಲ್ಲಿ. ದಕ್ಷಿಣಕ್ಕೆ ಹಿಂತಿರುಗಲು ಅದಕ್ಕಿಂತ ಒಳ್ಳೆಯ ಗಾಳಿಯನ್ನು ಕೇಳಿಕೊಳ್ಳುವಂತಿರಲಿಲ್ಲ. ಬಂದರಿನಿಂದ ಹೊರಬಿದ್ದು ಹಾಯಿ ಬಿಚ್ಚಿದ ಮೇಲೆ ಡಾಕ್ಟರು ಚಕ್ರದ ಹಿಂದಿನಿಂದ ಸರಿದು, ಸೊಂಟ ಬಾಗಿಸಿ, ನಾಟಕದ ದ್ವಾರಪಾಲಕನಂತೆ ಕೈ ಚಾಚಿದರು.

"ಬರ್ರಿ ಕ್ಯಾಪ್ಟನ್ ಅಕ್ಕಾರ!"

ರಾಬಿನ್ಸ್‌ವಿಲ್ಲಿನವಳು ಫೋನು ಎತ್ತಿದಳು. "ಆಂಟಿ, ಇಲ್ಲಿ ನೋಡಿ, ಸ್ಮೈಲ್!"

ನಾನು ಚಕ್ರದ ಹಿಂದೆ ನಿಂತೆ. ಎರಡೂ ಕೈ ಇಟ್ಟೆ. ನಗಬಾರದೆಂದುಕೊಂಡಿದ್ದೆ, ನಕ್ಕೆ. ದೋಣಿ ಗೆರೆ ಎಳೆದಂತೆ ಹೋಗುತ್ತಿತ್ತು. ದಿಕ್ಸೂಚಿಯ ಅಂಕಿ ಒಂದು ಡಿಗ್ರಿ ಆಚೀಚೆ ಆಗುತ್ತಿರಲಿಲ್ಲ. ಹಿಂದಿರುಗಿ ನೋಡಿದರೆ ನಮ್ಮ ಹಾದಿಯ ನೊರೆ ನೇರವಾದ ಬಿಳಿಯ ದಾರದಂತೆ ಮಲಗಿತ್ತು. ಚಕ್ರ ಸ್ವಲ್ಪ ಬಿಗಿ ಎನಿಸಿತು. ನಾನು ಕಲಿತದ್ದೆಲ್ಲ ರಾರಿಟನ್ ಕೊಲ್ಲಿಯ ಸಣ್ಣ ದೋಣಿಗಳಲ್ಲಿ. ಇಷ್ಟು ದೊಡ್ಡ ದೋಣಿಯ ಚಕ್ರ ಹೀಗೇ ಇರಬಹುದೆಂದುಕೊಂಡೆ. ಐದು ವರ್ಷ ಕಲಿತದ್ದು ವ್ಯರ್ಥವಾಗಲಿಲ್ಲ, ಕೈ ಕಲಿತದ್ದನ್ನು ಮರೆತಿಲ್ಲ, ಇಷ್ಟು ದಿನ ದಿಂಬುಗಳ ನಡುವೆ ಕುಳಿತಿದ್ದರೂ ನೋಡಿ, ಎಷ್ಟು ನೇರ! ಹೀಗೆ ಹನ್ನೆರಡು ನಿಮಿಷ ನನ್ನನ್ನು ನಾನೇ ಹೊಗಳಿಕೊಂಡೆ. ಆ ಹನ್ನೆರಡು ನಿಮಿಷಗಳನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನೀರಿನ ಮೇಲೆ ಕಪ್ಪು ಸುಕ್ಕು ಕಟ್ಟಿಕೊಂಡು ಒಂದು ಜೋರು ಗಾಳಿ ಬರುವುದನ್ನು ಕಂಡು, ಅದಕ್ಕೆ ತಕ್ಕಂತೆ ಚಕ್ರವನ್ನು ಎಡಕ್ಕೆ ತಿರುಗಿಸಹೋದೆ. ಅದು ತಿರುಗಲಿಲ್ಲ. ಮತ್ತಷ್ಟು ಒತ್ತಿದೆ. ಚಕ್ರ ನನ್ನ ಅಂಗೈಯೊಳಗೇ ಜಾರಿ, ತಾನಾಗಿ ಬಲಕ್ಕೆ ಎರಡಂಗುಲ ಹೋಗಿ, ಮತ್ತೆ ತಾನಾಗಿ ಹಿಂದಕ್ಕೆ ಬಂತು. ಮೊಣಕಾಲಿನ ಬಳಿಯಿದ್ದ ಪುಟ್ಟ ಪರದೆಯನ್ನು ಬಾಗಿ ನೋಡಿದೆ. 'ಆಟೋ' ಎಂದಿತ್ತು: ಚುಕ್ಕಾಣಿ ಯಂತ್ರದ ಕೈಯಲ್ಲಿತ್ತು.

ಆಟದ ಕಾರಿನಲ್ಲಿ ಮಗುವನ್ನು ಕೂರಿಸಿ, ಅಪ್ಪ ಹಿಂದಿನಿಂದ ತಳ್ಳುವುದನ್ನು ಮಾಲುಗಳಲ್ಲಿ ನೋಡಿದ್ದೇನೆ. ಮಗುವಿಗಾದರೂ ಅದು ಆಟವೆಂದು ಗೊತ್ತಿರುತ್ತದೆ.

"ಇದನ್ನು ಹಾಕಿದವರು ಯಾರು?"

ಫೋನು ಇನ್ನೂ ನನ್ನತ್ತಲೇ ಇತ್ತು.

"ಸೇಫ್ಟಿಗೆ ಅಷ್ಟೇ ಆಂಟಿ" ಎಂದ ರಾಬಿನ್ಸ್‌ವಿಲ್ಲಿನವನು. "ನಿಮಗೆ ಸ್ಟ್ರೆಸ್ ಆಗಬಾರ್ದು ಅಂತ. ನೀವು ಎಂಜಾಯ್ ಮಾಡಿ, ಆರಾಮಾಗಿ."

"ತಪ್ಪು ತಿಳ್ಕೋಬ್ಯಾಡ್ರಿ ಅಕ್ಕಾರ" ಎಂದರು ಡಾಕ್ಟರು. "ನಾನ ಹೇಳಿದ್ದೆ ಅವಗ. ಫೋಟೋ ಆಗೂ ತನಕ ಇರಲಿ, ಆಮ್ಯಾಲ ತಗದ್ರಾತು ಅಂತ."

"ನನಗೆ ಹೇಳಿರಲಿಲ್ಲ."

"ಹೇಳಿದ್ರ ನೀವು ಒಪ್ಪತಿದ್ರೇನ್ರಿ?"

"ಇಲ್ಲ."

"ಮತ್ತ?"

ಆ ಯಂತ್ರವನ್ನು ನಿಲ್ಲಿಸುವ ಕೆಂಪು ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದೆ.

ಅದೇ ಹೊತ್ತಿಗೆ ಗಾಳಿ ಬಂದು ತಾಗಿತು. ದೋಣಿ ಗಾಳಿಯತ್ತ ಮುಖ ತಿರುಗಿಸಿ ಒಂದು ಬದಿಗೆ ವಾಲಿತು. ಕೆಳಗೆ ಕುಕ್ಕರು, ಅದರ ಹಿಂದೆ ತಟ್ಟೆಗಳು, ಅದರ ಹಿಂದೆ ಇನ್ನೇನೋ, ಒಂದೊಂದಾಗಿ ಉರುಳಿದವು. ಡಾಕ್ಟರ ಪತ್ನಿ, "ಅಯ್ಯಯ್ಯ, ಶಿವನ!" ಎಂದು ಕಂಬಿಯನ್ನು ತಬ್ಬಿಕೊಂಡರು. ಫೋನು ಕೆಳಗೆ ಬಿತ್ತು. ನಾನು ಚಕ್ರವನ್ನು ತಿರುಗಿಸಿದೆ; ಹೆಚ್ಚಾಯಿತು; ದೋಣಿ ಇನ್ನೊಂದು ಕಡೆಗೆ ತೂಗಿತು. ಮತ್ತೆ ತಿರುಗಿಸಿದೆ.

ನಾನು ಚೆನ್ನಾಗಿ ನಡೆಸಿದೆ ಎಂದು ಹೇಳುವುದಿಲ್ಲ. ಬರೆದಿಟ್ಟುಕೊಂಡಂತೆ ಹೇಳುವುದಾದರೆ, ಮೊದಲಿಗೆ ಇಪ್ಪತ್ತು ಡಿಗ್ರಿ ಆಚೆಗೆ, ಇಪ್ಪತ್ತು ಡಿಗ್ರಿ ಈಚೆಗೆ ಹೊಯ್ದಾಡಿತು. ಕಾಲು ಗಂಟೆ ಕಳೆದ ಮೇಲೆ ಎಂಟಕ್ಕೆ ಇಳಿಯಿತು. ನಮ್ಮ ಹಿಂದಿನ ನೊರೆ ಈಗ ಹಾವು ಹೋದ ಗುರುತಿನಂತಿತ್ತು. ತೋಳು ನೋಯುತ್ತಿತ್ತು. ಆದರೆ ಅದು ನನ್ನ ತೋಳು. ಪ್ರತಿ ಅಲೆ ಹಿಂಭಾಗವನ್ನು ಎತ್ತುವುದು ಮೊದಲು ಪಾದಕ್ಕೆ, ಆಮೇಲೆ ಸೊಂಟಕ್ಕೆ, ಕೊನೆಗೆ ಕೈಗೆ ತಿಳಿಯುತ್ತಿತ್ತು. ಆ ಹನ್ನೆರಡು ನಿಮಿಷಗಳಲ್ಲಿ ಇದೊಂದೂ ಆಗಿರಲಿಲ್ಲ. ಆಗಲಿಲ್ಲವೆಂಬುದನ್ನು ನಾನು ಗಮನಿಸಲೂ ಇಲ್ಲ.

ಮುಂದೆ ದೀಪಸ್ತಂಭವಿರುವ ಒಂದು ಭೂಶಿರ, ಅದರ ಎದುರಿಗೆ ಪುಟ್ಟ ಬಂಡೆದ್ವೀಪಗಳು. ನಡುವಿನ ದಾರಿಯಲ್ಲಿ ದೋಣಿಗಳು ಹೋಗಿ ಬರುತ್ತಿದ್ದವು. ಡಾಕ್ಟರು ಎದ್ದು ಬಂದು ಪಕ್ಕದಲ್ಲಿ ನಿಂತರು.

"ಕೊಡ್ರಿ ಅಕ್ಕಾರ. ಇಲ್ಲೆ ಬಂಡಿ ಅವ."

"ಬಂಡೆ ಎಲ್ಲಿವೆಯೆಂದು ನನಗೆ ಗೊತ್ತು. ಎರಡು ರಾತ್ರಿ ನಕ್ಷೆ ನೋಡಿದ್ದೇನೆ."

"ಸಿಟ್ಟು ಬ್ಯಾಡ್ರಿ. ಐದು ಮಂದಿ ಜೀವ ಅದ ಇಲ್ಲೆ."

"ಹಾಗಾದರೆ ಗಟ್ಟಿಯಾಗಿ ಅಂಕಿ ಓದಿ. ಆಳ ಎಷ್ಟಿದೆ, ಹೇಳುತ್ತಾ ಹೋಗಿ."

ನನ್ನ ದನಿಯಲ್ಲಿ ಏನಿತ್ತೋ, ಅವರು ಓದಿದರು. ಹದಿನೆಂಟು. ಹದಿನೇಳು. ಹದಿನೇಳು. ಬಲಗೈಯನ್ನು ಮಾತ್ರ ಚಕ್ರದಿಂದ ಒಂದು ಗೇಣು ದೂರದಲ್ಲಿ ಎತ್ತಿ ಹಿಡಿದೇ ನಿಂತಿದ್ದರು. ಆ ಕೈ ಒಮ್ಮೆಯೂ ಮುಟ್ಟಲಿಲ್ಲ. ಬಿಳಿಯ ನೊರೆ ಒಡೆಯುತ್ತಿದ್ದ ಬಂಡೆಯೊಂದು ಎಡಗಡೆಗೆ, ಇರಬೇಕಾದ ದೂರದಲ್ಲೇ, ಬಂದು ಹಿಂದಕ್ಕೆ ಸರಿಯಿತು. ದೀಪಸ್ತಂಭ ಬಲಕ್ಕೆ ಬಂತು, ಹಿಂದಕ್ಕೆ ಹೋಯಿತು. ನೀರು ಅಗಲವಾಯಿತು. ನಾನು ಇನ್ನೂ ಐದು ನಿಮಿಷ ನಡೆಸಿ, ದೋಣಿಯನ್ನು ದಕ್ಷಿಣಕ್ಕೆ ತಿರುಗಿಸಿ, ನಾನಾಗಿಯೇ, "ತೆಗೆದುಕೊಳ್ಳಿ" ಎಂದು ಚಕ್ರವನ್ನು ಅವರಿಗೆ ಕೊಟ್ಟೆ. ಮೂವತ್ತೊಂದು ನಿಮಿಷವಾಗಿತ್ತು.

ಕೆಳಗೆ ಡಾಕ್ಟರ ಪತ್ನಿ ಚೆಲ್ಲಿದ ಸಾರನ್ನು ಒರೆಸುತ್ತಿದ್ದರು. ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಈ ಸಲ ಅವರು, ಬೇಡ ಕೂಡ್ರಿ ಎನ್ನಲಿಲ್ಲ.

ನ್ಯೂಜೆರ್ಸಿಗೆ ಮರಳಿದ ಮೂರನೆಯ ದಿನ ವಿಡಿಯೋ ಬಂತು, ಹಿನ್ನೆಲೆಗೆ ಸಂಗೀತ ಸೇರಿಸಿ. ಮಾನ್ಮತ್ ಜಂಕ್ಷನ್ನಿನಿಂದ ಜ್ಯಾಕ್ಸನ್ ಹೈಟ್ಸ್‌ವರೆಗಿನ ಪರಿಚಿತರೆಲ್ಲ ಇರುವ ಫೋನಿನ ಗುಂಪಿಗೆ ಹೋಯಿತು. ಅದರಲ್ಲಿ ಇರುವುದು ಆ ಹನ್ನೆರಡು ನಿಮಿಷಗಳ ಒಂದು ತುಣುಕು: ನಾನು ಚಕ್ರ ಹಿಡಿದು ನಗುತ್ತಿದ್ದೇನೆ, ಹಿಂದೆ ನೇರವಾದ ಬಿಳಿಯ ಗೆರೆ. ಉಳಿದ ಮೂವತ್ತೊಂದು ನಿಮಿಷಗಳನ್ನು ಯಾರೂ ತೆಗೆದಿಲ್ಲ. ಆಗ ಎಲ್ಲರೂ ಎರಡೂ ಕೈಯಿಂದ ಕಂಬಿ ಹಿಡಿದುಕೊಂಡಿದ್ದರು.

ಯಜಮಾನರು ವಿಡಿಯೋವನ್ನು ಎರಡು ಸಲ ನೋಡಿದರು. "ಇದೇನೇ, ಚಕ್ರ ನಿನ್ನ ಕೈಗಿಂತ ಮೊದಲೇ ತಿರುಗ್ತಾ ಇದೆಯಲ್ಲ?" ಎಂದರು. ದೋಣಿ ಹತ್ತದ ಮನುಷ್ಯನಿಗೆ ಕಂಡದ್ದು ಬೇರೆ ಯಾರಿಗೂ ಕಾಣಲಿಲ್ಲ. ಮೆಚ್ಚುಗೆಯ ಮಾತುಗಳು ಬರುತ್ತಲೇ ಇದ್ದವು. ವಾಟ್ ಎ ಕ್ಯಾಪ್ಟನ್. ಆಂಟಿ ರಾಕ್ಸ್. ಈ ವಯಸ್ಸಿನಲ್ಲಿ ಎಂಥ ಸ್ಟೆಡಿ ಹ್ಯಾಂಡ್ಸ್.

ನಾನು ಬರೆದೆ: 'ಇದರಲ್ಲಿ ದೋಣಿಯನ್ನು ನಡೆಸುತ್ತಿರುವುದು ಯಂತ್ರ, ನಾನಲ್ಲ. 'ಆಟೋ' ಹಾಕಿದ್ದು ನನಗೆ ತಿಳಿದಿರಲಿಲ್ಲ. ನಾನು ನಡೆಸಿದ್ದು ಆಮೇಲೆ, ಮೂವತ್ತೊಂದು ನಿಮಿಷ, ಬಂಡೆಗಳ ನಡುವಿನ ದಾರಿಯೂ ಸೇರಿ. ಅದು ಇಷ್ಟು ನೇರವಾಗಿರಲಿಲ್ಲ. ಡಾಕ್ಟರು ಸಾಕ್ಷಿ.'

ಕೂಡಲೇ ಉತ್ತರಗಳು ಬಂದವು. 'ಎಷ್ಟು ವಿನಯ ಆಂಟಿ ನಿಮಗೆ!' 'ಸೋ ಹಂಬಲ್!' ಕೈಮುಗಿದ ಚಿತ್ರಗಳು, ಒಂದರ ಕೆಳಗೊಂದು, ಒಂಬತ್ತು.

ವಿನಯದಿಂದ ಹೇಳಿದ್ದಲ್ಲ ಎಂದು ಮತ್ತೆ ಬರೆದೆ. ಅದರ ಕೆಳಗೆ ಡಾಕ್ಟರು ಒಂದು ಹೆಬ್ಬೆರಳಿನ ಚಿತ್ರವನ್ನು ಒತ್ತಿದರು. ಅದು ನನ್ನ ಮಾತಿಗೆ ಸಾಕ್ಷಿಯೋ, ಒಂಬತ್ತು ಮಂದಿಯ ಮಾತಿಗೆ ಸಮ್ಮತಿಯೋ ಎಂದು ಫೋನು ಮಾಡಿ ಕೇಳಿದೆ.

"ಎರಡಕ್ಕೂ ಅಂತ ಇಟ್ಟಗೋರಿ ಅಕ್ಕಾರ" ಎಂದು ನಕ್ಕರು. "ಭಾನುವಾರ ಊಟಕ್ಕ ಬರ್ರಿ. ನೀವು ಏನೂ ಮಾಡಿಕೊಂಡು ಬರಬ್ಯಾಡ್ರಿ, ಸುಮ್ನ ಬಂದು ಕೂಡ್ರಿ."

ಬರುವುದಿಲ್ಲ ಎಂದೆ.